ಸ್ಪೇನಿನಿಂದ ಬಂದ ಉಣ್ಣೆಕುರಿ

ಹುಮನಾಬಾದಿನ ಹೆದ್ದಾರಿ ಬದಿಯ ಆ ಶಾಲೆಗೆ ಸ್ಪ್ಯಾನಿಷ್ ಭಾಷೆ ಮೊದಲು ಬಂದದ್ದು ಫ್ಲೆಕ್ಸಿನ ಮೇಲೆ. ಕಲಿಸುವವರು ಆಮೇಲೆ ಬಂದರು. ಅಂದರೆ, ಇದ್ದವರಲ್ಲೇ ಒಬ್ಬಳನ್ನು ಹಿಡಿದು ಕೂಡಿಸಲಾಯಿತು. ಬಸವಕಲ್ಯಾಣದ ಯಾವುದೋ ಶಾಲೆಯವರು ಎಲ್‌ಕೆಜಿ ಮಕ್ಕಳಿಗೆ ಫ್ರೆಂಚ್ ಶುರು ಮಾಡಿದ್ದಾರೆ ಎಂಬ ಸುದ್ದಿ ಮಾಲೀಕ ಸತೀಶಕುಮಾರನ ಕಿವಿಗೆ ಬಿದ್ದ ವಾರವೇ ಗೇಟಿನ ಮೇಲೆ ಕೆಂಪು ಹಳದಿ ಬಣ್ಣದ ಫ್ಲೆಕ್ಸ್ ಏರಿತ್ತು: 'ನಿಮ್ಮ ಕಂದ ಇನ್ನು ಸ್ಪ್ಯಾನಿಷ್ ಮಾತಾಡಲಿದೆ!'

ಅದೇ ಗೇಟಿನ ಒಳಗೆ, ಕನ್ನಡದಲ್ಲಿ ನೀರು ಕೇಳಿದ ಮಗುವಿನ ಕೊರಳಿಗೆ ಒಂದು ರಟ್ಟು ಬೀಳುತ್ತಿತ್ತು. 'ನಾನು ಇವತ್ತು ಇಂಗ್ಲಿಷ್ ಮರೆತೆ' ಎಂದು ಅದರ ಮೇಲೆ ಇಂಗ್ಲಿಷಿನಲ್ಲೇ ಬರೆದಿತ್ತು. ಓದಲು ಬಾರದ ಮಗುವೊಂದು ಅದನ್ನು ಬಹುಮಾನವೆಂದು ತಿಳಿದು ಮನೆತನಕ ಹಾಕಿಕೊಂಡು ಹೋಗಿ ತಾಯಿಗೆ ತೋರಿಸಿದ್ದೂ ಉಂಟು. ತಾಯಿಗೂ ಓದಲು ಬರುತ್ತಿರಲಿಲ್ಲ. ಅವಳು ದೃಷ್ಟಿ ತೆಗೆದಳು.

ಹಿಡಿದು ಕೂಡಿಸಿದ್ದು ಸಾಕ್ಷಿಯನ್ನು.

"ಸಾಕ್ಷಿ ಮಿಸ್, ನೀವು ಇಂಗ್ಲಿಷ್ ಎಂ.ಎ. ಕಟ್ಟೀರಿ ಅಲ್ರೀ? ಅದರ ಬಾಜೂದ್ದೇ ಸ್ಪ್ಯಾನಿಷ್. ಹಿಡಕೊಂಡ್ಬಿಡ್ರಿ," ಎಂದ ಸತೀಶಕುಮಾರ.

"ಸರ್, ನನಗ ಒಂದು ಅಕ್ಷರ ಸೈತ ಬರಂಗಿಲ್ರಿ."

"ಮಕ್ಕಳಿಗಿ ಬರತದೇನ್ರಿ? ಅವರಕಿಂತ ಒಂದು ದಿನ ಮುಂದ ಇದ್ರ ಸಾಕು. ಒಲ್ಲೆ ಅಂದ್ರ ಹೇಳ್ರಿ, ಮಂದಿ ಭಾಳ ಅದಾರ."

ಮಂದಿ ಬಹಳ ಇದ್ದರು, ಅದು ನಿಜ. ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತವರು ಪ್ರತಿ ಓಣಿಯಲ್ಲೂ ಇದ್ದರು. ಸಾಕ್ಷಿ ಒಪ್ಪಿಕೊಂಡಳು. ಅವಳ ಮನೆತನದಲ್ಲಿ ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತ ಮೊದಲನೆಯವಳು ಅವಳು. ಅಪ್ಪ ಮಡೆಪ್ಪ, ಅವ್ವ ಸುಮನಬಾಯಿ, ರಾಜೇಶ್ವರದಲ್ಲಿ ಕುರಿ ಸಾಕಿದವರು. ಆದರೆ ಶಾಲೆಯಲ್ಲಿ ಯಾರಾದರೂ ಊರು ಕೇಳಿದರೆ ಸಾಕ್ಷಿ 'ಬಸವಕಲ್ಯಾಣ' ಅನ್ನುತ್ತಿದ್ದಳು. ಕಾಲೇಜು ಓದಿದ್ದು ಅಲ್ಲೇ, ಪೂರ್ತಿ ಸುಳ್ಳಲ್ಲ. ಬಸ್ಸಿನಿಂದ ಇಳಿಯುವುದು ಮಾತ್ರ ರಾಜೇಶ್ವರದಲ್ಲಿ. ಒಂದು ಸಲ ಚಳಿಗಾಲದಲ್ಲಿ ಸ್ಟಾಫ್ ರೂಮಿನಲ್ಲಿ ಯಾರೋ ಮೂಗು ಮುಚ್ಚಿಕೊಂಡು, "ಏನರೆ ಹಸಿ ಕಂಬಳಿ ನಾರಾಕತ್ತದಲ್ಲ?" ಎಂದಾಗ ಸಾಕ್ಷಿಯೂ ಎಲ್ಲರ ಜೊತೆ ಅತ್ತಿತ್ತ ನೋಡಿ, ತಾನೂ ಮೂಗು ಮುಚ್ಚಿಕೊಂಡಿದ್ದಳು. ಅವಳ ಉಣ್ಣೆಯ ಶಾಲು ಅವಳ ಹೆಗಲ ಮೇಲೇ ಇತ್ತು.

ಆಮೇಲೆ ಹುಡುಕಾಟ ಶುರುವಾಯಿತು. ಸಣ್ಣ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸಲು ಏನೇನು ಸಿಗುತ್ತದೆ ಎಂದು ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ ಫೋನು ತಿಕ್ಕಿದಳು. ಬಿಟ್ಟಿ ಸಿಗುವ ಚಿತ್ರದ ಹಾಳೆಗಳು ಸಿಕ್ಕವು: ಹಿಮದ ಮನುಷ್ಯ, ಸ್ಟ್ರಾಬೆರಿ, ಪೆಂಗ್ವಿನ್. ಬಣ್ಣದ ಪ್ರಿಂಟು ತೆಗೆಯಲು ಪ್ರಿನ್ಸಿಪಾಲ್ ಜಯಮಾಲಾ ಮೇಡಂ ಒಪ್ಪಲಿಲ್ಲ. ಕಪ್ಪು ಬಿಳುಪಿನಲ್ಲಿ ಸ್ಟ್ರಾಬೆರಿ ಬದನೆಕಾಯಿಯಂತೆ ಕಂಡಿತು, ಮಕ್ಕಳು ಬದನೆಕಾಯಿ ಎಂದೇ ಕೂಗಿದರು. ಹಾಡಿನ ವಿಡಿಯೋಗಳು ಸಿಕ್ಕವು. ಶಾಲೆಯ ಒಂದೇ ಟಿವಿ ಪ್ರಿನ್ಸಿಪಾಲರ ಕೋಣೆಯಲ್ಲಿ, ಪಾಲಕರು ಬಂದಾಗ ತೋರಿಸಲು. ಫೋನು ಎತ್ತಿ ಹಿಡಿದರೆ ಮುಂದಿನ ಸಾಲಿನವರಿಗೆ ಮಾತ್ರ ಕಾಣುತ್ತಿತ್ತು, ಹಾಡಿನ ನಡುವೆ ಸಾಲದ ಆ್ಯಪಿನ ಜಾಹೀರಾತು ಬರುತ್ತಿತ್ತು. "ಊನೋ, ದೋಸ್, ತ್ರೇಸ್," ಎಂದು ಸಾಕ್ಷಿ ಕೂಗಿದರೆ ಮಕ್ಕಳು ಬಾಯಿ ತೆರೆಯದೆ ಅವಳನ್ನು ನೋಡುತ್ತ ಕೂತಿರುತ್ತಿದ್ದವು. ಪಾಲಕರ ದಿನ ಹತ್ತಿರ ಬರುತ್ತಿತ್ತು. ಅಂದು ಮಕ್ಕಳು ಸ್ಪ್ಯಾನಿಷ್ ಮಾತಾಡಿ ತೋರಿಸಬೇಕು, ಇಲ್ಲದಿದ್ದರೆ ಸಾಕ್ಷಿ ಮನೆಯಲ್ಲಿ ಕೂತ ಆ ಮಂದಿಯಲ್ಲಿ ಒಬ್ಬಳಾಗಬೇಕು.

ಒಂದು ಜಾಲತಾಣದಲ್ಲಿ ಯಾವುದೋ ದೇಶದ ಟೀಚರೊಬ್ಬಳು ಬರೆದಿದ್ದಳು: ದುಡ್ಡಿನ ಸಾಮಾನು ಬೇಡ, ಮಗುವಿನ ಸುತ್ತ ಇರುವುದನ್ನೇ ತನ್ನಿ, ಕೈಯಲ್ಲಿ ಹಿಡಿಯುವಂಥದ್ದು ಕೊಡಿ, ಅದರ ಜೊತೆ ಆಡಿ, ಭಾಷೆ ತಾನಾಗಿ ಬರುತ್ತದೆ. ಸಾಕ್ಷಿ ಅದನ್ನು ಓದಿದ್ದು ಮನೆಯ ಕಟ್ಟೆಯ ಮೇಲೆ ಕೂತು. ಎದುರಿಗೆ ಸುಮನಬಾಯಿ ಉಣ್ಣೆ ಹಿಂಜುತ್ತಿದ್ದಳು.

ಆ ಓಣಿಯಲ್ಲಿ ಉಣ್ಣೆ ಕತ್ತರಿಸಿದಾಗ ಉಳಿದ ಚೂರುಪಾರಿನಲ್ಲಿ ಮಕ್ಕಳಿಗೆ ಕುರಿ ಮಾಡಿಕೊಡುವುದು ಮೊದಲಿಂದಲೂ ಇತ್ತು. ತೊಗರಿಕಟ್ಟಿಗೆಯ ನಾಲ್ಕು ಕಾಲು, ಮೇಲೆ ಬಿಗಿಯಾಗಿ ಸುತ್ತಿದ ಉಣ್ಣೆ, ಗಟ್ಟಿ ನಿಲ್ಲಲು ಹುಣಸೆಬೀಜದ ಗಂಜಿ. ಕಂಬಳಿಗೆ ಹಚ್ಚುವ ಗಂಜಿಯೇ. ಸುಮನಬಾಯಿಯ ಕುರಿಗಳಿಗೆ ಮಾತ್ರ ಕಿವಿ ಜೋಲುಬಿದ್ದಿರುತ್ತಿದ್ದವು, ತಲೆ ಸ್ವಲ್ಪ ಹೊರಳಿರುತ್ತಿತ್ತು, ಯಾರೋ ಹಿಂದಿನಿಂದ ಕರೆದ ಹಾಗೆ.

"ಅವ್ವಾ, ನಮ್ಮ ಸಾಲಿ ಮಕ್ಕಳಿಗಿ ಒಂದಿಷ್ಟು ಮಾಡಿಕೊಡತೀಯೇನು?"

ಸುಮನಬಾಯಿ ಕೈ ನಿಲ್ಲಿಸಿದಳು. "ಅಷ್ಟು ದೊಡ್ಡ ಸಾಲ್ಯಾಗ ಇದು ನಡೀತದೇನ?"

"ನಡೀತದ."

"ನಾರತದ ಅಂತಾರ ನೋಡವ್ವ. ಬಿಸಿಲಿಗಿ ಎರಡು ದಿನ ಇಟ್ಟು ಕೊಡತೀನಿ. ಸೀಗೇಕಾಯಿ ಹಾಕಿ ತೊಳದೇ ಮಾಡತೀನಿ, ತಗೋ."

ತೊಳೆದಳು, ಒಣಗಿಸಿದಳು, ಕರಿಯವು, ಬಿಳಿಯವು, ಕಂದು ಬಣ್ಣದವು ಒಂದು ಚೀಲ ತುಂಬ ಮಾಡಿದಳು. ಸಾಕ್ಷಿ ಬಸ್ಸಿನಲ್ಲಿ ಆ ಚೀಲವನ್ನು ಕಾಲಿನ ನಡುವೆ ಇಟ್ಟುಕೊಂಡು ಬಂದಳು.

ತರಗತಿ ಅಂದು ಬೇರೆಯೇ ಆಯಿತು. ಮಕ್ಕಳು ಬೆಂಚು ಬಿಟ್ಟು ನೆಲಕ್ಕೆ ಬಂದವು. 'ಓವೇಹಾ' ಅಂದರೆ ಕುರಿ, 'ನೇಗ್ರಾ' ಅಂದರೆ ಕರಿಯದು, 'ಬ್ಲಾಂಕಾ' ಅಂದರೆ ಬಿಳಿಯದು ಎಂದು ಯಾರೂ ಬಾಯಿಪಾಠ ಮಾಡಿಸಬೇಕಾಗಲಿಲ್ಲ. ಕರಿ ಕುರಿ ಬೇಕಾದವನು ಅದರ ಹೆಸರು ಹೇಳಿ ಪಡೆದ. ಖಾಲಿ ಪೆಟ್ಟಿಗೆಯಲ್ಲಿ ಮಾಡಿದ ಕೊಟ್ಟಿಗೆಗೆ ಎಣಿಸಿ ಹಾಕುವಾಗ ಊನೋ, ದೋಸ್, ತ್ರೇಸ್ ತಾನಾಗಿ ಬಂತು. ಒಂದು ಹುಡುಗಿ ಎದ್ದು, "ಮಿಸ್, ನನ್ನ ಓವೇಹಾ ಉಚ್ಚಿ ಹೊಯ್ತು," ಎಂದಾಗ ಇಡೀ ತರಗತಿ ಬಿದ್ದು ನಕ್ಕಿತು. ಸಾಕ್ಷಿಯೂ ನಕ್ಕಳು.

ಸದ್ದು ಕೇಳಿ ಜಯಮಾಲಾ ಮೇಡಂ ಬಾಗಿಲಿಗೆ ಬಂದರು. ಒಂದು ಕುರಿ ಎತ್ತಿಕೊಂಡು ಮೂಗಿನ ಹತ್ತಿರ ಒಯ್ದರು.

"ಎಲ್ಲಿಂದ ತರಸಿದ್ರಿ ಇವನ್ನ?"

ಅವ್ವ ಮಾಡಿದ್ದು. ಎರಡೇ ಮಾತು. ನಾಲಿಗೆಯ ತುದಿಗೆ ಬಂದದ್ದು ಬೇರೆ. "ಆನ್‌ಲೈನ್ ಮೇಡಂ. ಸ್ಪೇನ್‌ದವು. ಅಲ್ಲಿ ಮಕ್ಕಳಿಗಿ ಇದರಾಗೇ ಕಲಸತಾರಂತ್ರಿ."

ಜಯಮಾಲಾ ಮೇಡಂ ಅವಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ನಕ್ಕರು. "ಛಲೋ ಮಾಡಿದ್ರಿ. ಇದನ್ನೇ ಪಾಲಕರ ದಿನಕ್ಕ ಇಡೋಣ."

ಸಂಜೆಯ ಹೊತ್ತಿಗೆ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಸುಮನಬಾಯಿಯ ಕುರಿಗಳು ಸ್ಪೇನಿನಿಂದ ಬಂದಿಳಿದಿದ್ದವು. ಮನೆಯಲ್ಲಿ ಸುಮನಬಾಯಿ ರೊಟ್ಟಿ ಬಡಿಯುತ್ತ ಕೇಳಿದಳು, "ಯಾರು ಮಾಡಿದ್ದು ಅಂತ ಕೇಳಿದ್ರೇನು?" ಸಾಕ್ಷಿ ತಟ್ಟೆ ನೋಡುತ್ತ, "ಹೇಳೀನವ್ವ," ಎಂದಳು. ಸುಮನಬಾಯಿ ಅಂದು ಒಂದು ರೊಟ್ಟಿ ಹೆಚ್ಚಿಗೆ ಹಾಕಿದಳು. ಸಾಕ್ಷಿ ಅದನ್ನೂ ತಿಂದಳು.

ಅದೇ ವಾರ ಜಯಮಾಲಾ ಮೇಡಂ ಫೋನು ಹಿಡಿದುಕೊಂಡು ತರಗತಿಯ ವಿಡಿಯೋ ತೆಗೆಯಲು ಬಂದರು. ಮಕ್ಕಳಿಗೆ ಮೊದಲೇ ಹೇಳಿಕೊಟ್ಟಿತ್ತು. "ಈ ಕುರಿ ಎಲ್ಲಿಂದ ಬಂತು?" ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಎಲ್ಲರೂ "ಸ್ಪೇನ್!" ಎಂದು ಕೂಗಬೇಕು. ಕೂಗಿದರು.

ಎರಡನೆಯ ಸಾಲಿನಿಂದ ಅತಿಯಾ ಎದ್ದು ನಿಂತಳು. ಯಾವಾಗಲೂ ಬೂಟಿನ ಹಿಮ್ಮಡಿ ತುಳಿದುಕೊಂಡೇ ಬರುವ ಹುಡುಗಿ. "ನೈ ಮಿಸ್, ಸ್ಪೇನ್ ಅಲ್ಲ. ಇದು ಸುಮನ್ ನಾನಿ ಮಾಡಿದ್ದು. ರಾಜೇಶ್ವರದಾಗ. ನನ್ನ ಬಲ್ಲಿನೂ ಒಂದು ಅದ, ಕರೀದು."

ಸಾಕ್ಷಿಗೆ ತಕ್ಷಣ ತಿಳಿಯಿತು. ಅತಿಯಾಳ ತಂದೆ ಅಬ್ದುಲ್ ಕರೀಂ ಕುರಿ ವ್ಯಾಪಾರಿ. ಮಡೆಪ್ಪನಲ್ಲಿಗೆ ಟಗರು ಕೊಳ್ಳಲು ಬರುತ್ತಿದ್ದವನು, ಸಾಕ್ಷಿ ಲಂಗ ಹಾಕಿಕೊಳ್ಳುವ ಕಾಲದಿಂದ. ಹಾಜರಿ ಪುಸ್ತಕದಲ್ಲಿ ಅವನ ಹೆಸರು ನೋಡಿದಂದಿನಿಂದ ಅವಳು ಅವನಿಗೆ ಎದುರಾಗದ ಹಾಗೆ ತಪ್ಪಿಸಿಕೊಂಡು ತಿರುಗಿದ್ದಳು. ಮಗಳನ್ನು ಅವನು ಎಂದೋ ಹಟ್ಟಿಗೆ ಕರೆದುಕೊಂಡು ಹೋಗಿರಬೇಕು, ಅವ್ವ ಕೊಟ್ಟಿರಬೇಕು. ಸುಮನಬಾಯಿ ಈ ಮಿಸ್‌ನ ತಾಯಿ ಎಂಬುದು ಮಾತ್ರ ಹುಡುಗಿಗೆ ಗೊತ್ತಿರಲಿಲ್ಲ.

ಫೋನು ಇನ್ನೂ ವಿಡಿಯೋ ತೆಗೆಯುತ್ತಲೇ ಇತ್ತು. ಜಯಮಾಲಾ ಮೇಡಂ ಸಾಕ್ಷಿಯ ಕಡೆ ನೋಡಿದರು.

"ಸುಳ್ಳು ಹೇಳಬಾರದು, ಅತಿಯಾ," ಎಂದಳು ಸಾಕ್ಷಿ, ಇಂಗ್ಲಿಷಿನಲ್ಲಿ. ಇಂಗ್ಲಿಷಿನಲ್ಲಿ ಅಂದದ್ದರಿಂದ ಸ್ವಲ್ಪ ಹಗುರವಾಗಿ ಕೇಳಿಸಿತು. ಆ ಹಗುರ ಎಷ್ಟು ಬೇಕಾಗಿತ್ತು ತನಗೆ ಎಂಬುದೇ ಆಮೇಲೆ ಅವಳನ್ನು ಸುಟ್ಟಿತು.

"ನಾ ಸುಳ್ಳ ಹೇಳಿಲ್ಲ ಮಿಸ್. ಅಲ್ಲಾ ಕಸಮ್."

"ಮತ್ತ ಕನ್ನಡ," ಎಂದರು ಜಯಮಾಲಾ ಮೇಡಂ. "ಸಾಕ್ಷಿ ಮಿಸ್, ರಟ್ಟು ಹಾಕ್ರಿ."

ಸಾಕ್ಷಿ ಹಾಕಿದಳು. ದಾರ ಕೂದಲಿಗೆ ಸಿಕ್ಕಿಕೊಂಡಿತು. ಬಿಡಿಸಲು ಅತಿಯಾ ತಲೆ ಬಗ್ಗಿಸಿ ಸಹಾಯ ಮಾಡಿದಳು.

ಮರುದಿನ ಹುಡುಗಿ ಸಾಕ್ಷ್ಯ ತಂದಳು. ಊಟದ ಡಬ್ಬಿಯ ಚೀಲದಲ್ಲಿ, ಕರಿ ಉಣ್ಣೆಕುರಿ. ಆಡಿ ಆಡಿ ಹೊಳಪು ಬಂದದ್ದು, ಒಂದು ಕಾಲು ಮುರಿದು ಅಗರಬತ್ತಿಯ ಕಡ್ಡಿ ಕಟ್ಟಿದ್ದು. ವರಾಂಡದಲ್ಲಿ ಗೆಳತಿಯರಿಗೆ ತೋರಿಸುತ್ತಿದ್ದಾಗ ಜಯಮಾಲಾ ಮೇಡಂ ಕಂಡರು. ಚೀಲ ಕಸಿದುಕೊಂಡರು. ಶಾಲೆಯ ಸಾಮಾನು ಮಗುವಿನ ಚೀಲದಲ್ಲಿ ಸಿಕ್ಕಿತು ಎಂಬ ಮಾತು ಊಟದ ಗಂಟೆಯೊಳಗೆ ಆಯಾಗಳ ತನಕ ಹೋಗಿತ್ತು. ಸಾಕ್ಷಿಯ ಚೀಲದಲ್ಲಿ ಒಂದು ಕುರಿಯೂ ಕಡಿಮೆಯಾಗಿರಲಿಲ್ಲ. ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಅಬ್ದುಲ್ ಕರೀಂನನ್ನು ಕರೆಸಿದರು. ಪ್ರಿನ್ಸಿಪಾಲರ ಕೋಣೆಯಲ್ಲಿ ಕುರ್ಚಿಗಳಿದ್ದವು; ಕೂಡು ಎಂದು ಅವನಿಗೆ ಯಾರೂ ಅನ್ನಲಿಲ್ಲ. ಹೆಗಲ ಮೇಲೆ ಟವೆಲ್ಲು, ಕಾಲಲ್ಲಿ ಸಂತೆಯ ಧೂಳು. ಸಾಕ್ಷಿ ಕಪಾಟಿನ ಬದಿಗೆ ಗೋಡೆಗೆ ಅಂಟಿ ನಿಂತಿದ್ದಳು.

"ನಿಮ್ಮ ಮಗಳ ಚೀಲದಾಗ ಸಾಲಿದು ಆಟದ ಸಾಮಾನು ಸಿಕ್ಕದ," ಎಂದರು ಜಯಮಾಲಾ ಮೇಡಂ. "ಫಾರಿನ್‌ದು."

ಅವನು ಟೇಬಲ್ಲಿನ ಮೇಲಿದ್ದ ಕುರಿಯನ್ನು ಎತ್ತಿಕೊಂಡ. ಅಗರಬತ್ತಿಯ ಕಡ್ಡಿ ಕಟ್ಟಿದವನು ಅವನೇ. ಜೋಲು ಕಿವಿಯನ್ನು ಹೆಬ್ಬೆರಳಿನಿಂದ ಮುಟ್ಟಿ, ತಲೆ ಎತ್ತಿ, ಗೋಡೆಯ ಬಳಿಯ ಸಾಕ್ಷಿಯನ್ನು ಕಂಡ. ಮೊದಲು ಗುರುತು, ಆಮೇಲೆ ಅಚ್ಚರಿ, ಆಮೇಲೆ ಎಲ್ಲವೂ ತಿಳಿದುಹೋದ ಕಳೆ. ಇಷ್ಟೂ ಒಂದೇ ನೋಟದಲ್ಲಿ ಆಗಿಹೋಯಿತು.

"ಅಬ್ಬಾ, ನಾನಿ ಕೊಟ್ಟಿದ್ದು ಅಂತ ಹೇಳ್ರಿ," ಎಂದು ಅತಿಯಾ ಅವನ ಅಂಗಿ ಜಗ್ಗಿದಳು. "ಹೇಳ್ರಿ ಅಬ್ಬಾ. ನೀವೂ ಇದ್ರಿ."

ಸಾಕ್ಷಿ ಕಪಾಟಿನ ಮರೆಗೆ ಇನ್ನೊಂದು ಹೆಜ್ಜೆ ಸರಿದಳು.

"ಚುಪ್," ಎಂದ ಅಬ್ದುಲ್ ಕರೀಂ ಮಗಳಿಗೆ, ಮೆಲ್ಲಗೆ. ಕುರಿಯನ್ನು ಟೇಬಲ್ಲಿನ ಮೇಲೆ ಇಟ್ಟ. "ಬಚ್ಚಿ ಅದರಿ ಮೇಡಂ. ತಪ್ಪಾಗ್ಯದ. ಮಾಫ್ ಮಾಡ್ರಿ."

ಅತಿಯಾ ಅಳಲಿಲ್ಲ. ಅಪ್ಪನ ಮುಖ ನೋಡಿದಳು, ಕುರಿ ನೋಡಿದಳು, ಅಂಗಿ ಬಿಟ್ಟಳು.

ಸಾಕ್ಷಿ ವರಾಂಡಕ್ಕೆ ಓಡಿದಳು. "ಕಾಕಾ!" ಎಂದಳು. ಎಷ್ಟೋ ವರ್ಷದ ಮೇಲೆ ಹಾಗೆ ಕರೆದದ್ದು. ಅವನು ಮಗಳನ್ನು ತರಗತಿಗೆ ಕಳಿಸಿ ನಿಂತ.

ಕುರಿಸಂತೆಯಲ್ಲಿ ರೇಟು ಬಾಯಲ್ಲಿ ಆಡುವುದಿಲ್ಲ. ಕೊಳ್ಳುವವನು, ಮಾರುವವನು ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತಿ ಮಾತಾಡುತ್ತಾರೆ. ಸುತ್ತ ನಿಂತವರಿಗೆ ಬಟ್ಟೆ ಅಲುಗಾಡುವುದು ಮಾತ್ರ ಕಾಣುತ್ತದೆ. ಒಳಗಿನ ಮಾತನ್ನು ಹೊರಗೆ ಒಡೆದವನ ಜೊತೆ ಮತ್ತೆ ಯಾರೂ ಕೈ ಹಾಕುವುದಿಲ್ಲ.

"ನಿಮ್ಮಪ್ಪ ಟವೆಲ್ ಕೆಳಗ ನನಗ ಎಂದೂ ಮೋಸ ಮಾಡಿಲ್ಲ, ಬೇಟಿ," ಎಂದ ಅಬ್ದುಲ್ ಕರೀಂ. "ಮಡೆಪ್ಪನ ಮಗಳ ಮಾನ ನಾ ಹ್ಯಾಂಗ ಕಳೀಲಿ? ಇದೂ ಟವೆಲ್ ಕೆಳಗಿನ ಮಾತೇ ಅಂತ ತಿಳಿ. ನೌಕರಿ ಮಾಡಿಕೋ."

ಹೋದ. ಬೈದಿದ್ದರೆ ಸಾಕ್ಷಿ ತಡೆದುಕೊಳ್ಳುತ್ತಿದ್ದಳು.

ಅವಳು ನೇರ ಪ್ರಿನ್ಸಿಪಾಲರ ಕೋಣೆಗೆ ಬಂದಳು. "ಮೇಡಂ, ಆ ಹುಡುಗಿ ಖರೇ ಹೇಳ್ಯಾಳ್ರಿ. ಅವು ಸ್ಪೇನ್‌ದವು ಅಲ್ಲ. ನಮ್ಮವ್ವ ಮಾಡಿದ್ದು."

ಜಯಮಾಲಾ ಮೇಡಂ ಕನ್ನಡಕ ಒರೆಸುತ್ತಿದ್ದರು. ಕೈ ನಿಲ್ಲಲಿಲ್ಲ. "ಗೊತ್ತದ."

"ಏನ್ರಿ?"

"ನಾ ನಿರ್ಣಾ ಊರಾಕಿ, ಸಾಕ್ಷಿ. ವರ್ಷಾ ನಮ್ಮ ಹೊಲದಾಗ ಗೊಬ್ಬರಕ್ಕಂತ ಕುರಿ ನಿಲ್ಲಸತಿದ್ರು. ಉಣ್ಣಿ ಕುರಿ ಹಿಡದು ನಾ ಆಡಿಲ್ಲೇನು? ಮೂಗಿಗಿ ಹಿಡದ ಕೂಡಲೇ ತಿಳೀತು." ಕನ್ನಡಕ ಏರಿಸಿಕೊಂಡರು. "ಛಲೋ ಮಾಡಿದಿ ಅಂದೆ ಅಲ್ಲ? ಮತ್ತೇನು? ರಾಜೇಶ್ವರದ ಕುರಿ ನೋಡಾಕ ಯಾರು ಫೀಸ್ ಕಟ್ಟತಾರ? ಆ ಹುಡುಗಿ ಸುಮ್ನ ಕೂಡಂಗಿರಲಿಲ್ಲ, ಸುಮ್ನ ಕೂಡಸಬೇಕಿತ್ತು. ಆತು. ಹೋಗಿ ಹಾಡು ತಯಾರಿ ಮಾಡ್ಸು."

ಸಾಕ್ಷಿಗೆ ಆಗ ಅರ್ಥವಾಯಿತು. ಇಲ್ಲಿ ಅವಳು ಯಾರಿಗೂ ಮೋಸ ಮಾಡಿರಲಿಲ್ಲ. ಅವಳ ಸುಳ್ಳಿಗಾಗಿ ಇವರು ಕಾದು ಕೂತಿದ್ದರು. ಅವ್ವನ ಕೈಯನ್ನು ಅವಳು ಅಳಿಸಿದ ಕ್ಷಣವೇ ಇವರು ಅವಳನ್ನು ತಮ್ಮವಳು ಎಂದುಕೊಂಡಿದ್ದರು. ಕಳ್ಳತನ ನಡೆದದ್ದು ನಿಜ. ಕದ್ದವರು ಮೇಜಿನ ಈ ಕಡೆಗೂ ಆ ಕಡೆಗೂ ಇದ್ದರು. ಮೇಜಿಗಿಂತ ಗಿಡ್ಡ ಇದ್ದವಳ ಮೇಲೆ ಅದನ್ನು ಹೊರಿಸಲಾಗಿತ್ತು.

ಶಾಲೆ ಬಿಟ್ಟ ಮೇಲೆ ಅವಳು ಬಸ್‌ಸ್ಟ್ಯಾಂಡಿಗೆ ಹೋಗದೆ ಅಡತ್ ಬಜಾರಿನ ಹಿಂದಿನ ಓಣಿಗೆ ಹೋದಳು. ಕೇಳಿಕೊಂಡು ಮನೆ ಹುಡುಕಿದಳು. ಬಾಗಿಲಿಗೆ ಬಂದವಳು ಅತಿಯಾಳ ತಾಯಿ ಗೌಹರ. ಕೈಗೆ ಹಿಟ್ಟು ಹತ್ತಿತ್ತು.

"ಒಳಗ ಬರ್ರಿ ಮಿಸ್. ಚಾ ಮಾತ್ರ ಕೇಳಬ್ಯಾಡ್ರಿ."

ಸಾಕ್ಷಿ ಹೊಸ್ತಿಲಲ್ಲೇ ನಿಂತಳು. "ಅಕ್ಕಾ, ನಂದು ತಪ್ಪಾಗ್ಯದ. ಮಾಫಿ ಕೇಳಾಕ ಬಂದೀನಿ."

"ಇವರು ಎಲ್ಲಾ ಹೇಳ್ಯಾರ. ಟವೆಲ್ ಕೆಳಗಿನ ಮಾತಂತ." ಒಳಗೆ ಹಾಸಿಗೆಯ ಮೇಲೆ ಅಬ್ದುಲ್ ಕರೀಂ ಅತ್ತ ತಿರುಗಿ ಕೂತಿದ್ದ. ಗೌಹರ ಅವನಿಗೂ ಕೇಳುವಂತೆ ದನಿ ಏರಿಸಿದಳು. "ಟವೆಲ್ ಕೆಳಗ ಕುರಿ ರೇಟ್ ಇಡ್ರಿ. ಟಗರಿನ ರೇಟ್ ಇಡ್ರಿ. ನನ್ನ ಮಗಳನ್ನ ಇಡಬ್ಯಾಡ್ರಿ!"

ಅವನು ತಿರುಗಲಿಲ್ಲ.

"ಏನು ಕೇಳತಾಳ ಗೊತ್ತೇನ್ರಿ ಅಕಿ?" ಗೌಹರಳ ದನಿ ಇಳಿಯಿತು. "ಅಮ್ಮಿ, ನಾ ಯಾವಾಗ ಚೋರಿ ಮಾಡ್ದೆ, ನನಗ ನೆನಪೇ ಆಗವಲ್ದು ಅಂತ. ಅಪ್ಪನೇ ಒಪ್ಪಿಕೊಂಡಾನ ಅಂದಮ್ಯಾಲ ಮಾಡಿರಬೇಕು ಅಂತ ಕೂತಾಳ. ವ್ಯಾನಿನಾಗಿನ ಹುಡುಗರು ಚೋರ್ ಚೋರ್ ಅಂತಾವ. ಅದಕ್ಕೂ ಹೂಂ ಅಂತಾಳ."

ಸಾಕ್ಷಿ ಒಳಗೆ ಇಣುಕಿದಳು. "ನಾ ಅಕಿಗಿ ಹೇಳತೀನಿ, ಕರೀರಿ ಅಕ್ಕಾ. ನೀ ಕದ್ದಿಲ್ಲ ಅಂತ ಹೇಳತೀನಿ."

"ಮನಿ ಬಾಗಲದಾಗ ಹೇಳೋದು ಭಾಳ ಸಸ್ತಾ ಆತು ಮಿಸ್. ಎಲ್ಲಿ ಕಳ್ಳಿ ಅಂದ್ರೋ ಅಲ್ಲಿ ಹೇಳ್ರಿ. ಎಲ್ಲಾರ ಮುಂದ. ನಾಡದು ಅದಲ್ಲ ನಿಮ್ಮ ದೊಡ್ಡ ಜಲ್ಸಾ? ನಾ ಬರತೀನಿ. ಕರಕೊಂಡೇ ಬರತೀನಿ."

ಪಾಲಕರ ದಿನ ಶಾಲೆಯ ಅಂಗಳದಲ್ಲಿ ಶಾಮಿಯಾನ. ಮುಂದಿನ ಸಾಲಿನಲ್ಲಿ ಸೋಫಾ, ಹಿಂದೆ ಪ್ಲಾಸ್ಟಿಕ್ ಕುರ್ಚಿ, ಅದರ ಹಿಂದೆ ನಿಂತವರು. ಗೌಹರ ನಿಂತವರಲ್ಲಿದ್ದಳು. ಅವಳ ಬುರ್ಖಾದ ಅಂಚಿಗೆ ಅತಿಯಾ. ಮಕ್ಕಳು ಕುರಿ ಹಿಡಿದು ವೇದಿಕೆಗೆ ಬಂದರು. ಹಾಡಿದರು, ಎಣಿಸಿದರು, ಒಬ್ಬ ತನ್ನ ಕುರಿಯನ್ನು ಜನರ ಕಡೆಗೆ ಎಸೆದ. ಅಪ್ಪಂದಿರು ಫೋನು ಎತ್ತಿ ಹಿಡಿದರು. ಸತೀಶಕುಮಾರ ಮೈಕು ತಗೊಂಡು, ಸ್ಪೇನಿನಿಂದ ವಿಶೇಷವಾಗಿ ತರಿಸಿದ ಈ ಸಾಮಗ್ರಿಯ ಬಗ್ಗೆ ನಮ್ಮ ಸಾಕ್ಷಿ ಮಿಸ್ ಎರಡು ಮಾತು ಆಡುತ್ತಾರೆ ಎಂದ.

ಮೈಕು ತಣ್ಣಗಿತ್ತು. ಸಾಕ್ಷಿ ಬರೆದುಕೊಂಡು ಬಂದಿದ್ದಳು, ಪುಸ್ತಕದ ಕನ್ನಡ. "ಈ ಸಾಮಗ್ರಿಯ ಕುರಿತು ಕೆಲವು ತಪ್ಪು ತಿಳುವಳಿಕೆಗಳು ಉಂಟಾಗಿವೆ. ಇದರಿಂದ ಒಂದು ಮಗುವಿಗೆ ನೋವಾಗಿದೆ..."

"ಯಾವ ಮಗು ಮಿಸ್?" ಹಿಂದಿನಿಂದ ಗೌಹರ ಕೇಳಿದಳು.

ಜನ ತಿರುಗಿ ನೋಡಿದರು. ಸಾಕ್ಷಿ ಹಾಳೆ ನೋಡಿದಳು. ಹಾಳೆಯಲ್ಲಿ ಹೆಸರು ಬರೆದಿರಲಿಲ್ಲ. ತಾನು ಎಷ್ಟು ಹುಷಾರಾಗಿ ಬರೆದಿದ್ದೇನೆ ಎಂದು ಅವಳಿಗೆ ಆಗಲೇ ಕಂಡದ್ದು.

"ಅತಿಯಾ," ಎಂದಳು.

"ಏನಾತು ಅಕಿಗಿ?"

"ಅಕಿಗಿ ಕಳ್ಳಿ ಅಂದೀವಿ. ಅಕಿ ಕದ್ದಿಲ್ಲ." ಪುಸ್ತಕದ ಕನ್ನಡ ಬಿಟ್ಟುಹೋಗಿತ್ತು. "ಅಕಿದು ಅಕಿದೇ ಕುರಿ ಅದ. ಇವು ಯಾವೂ ಸ್ಪೇನ್‌ದವು ಅಲ್ರಿ. ರಾಜೇಶ್ವರದವು. ನಮ್ಮವ್ವ ಸುಮನಬಾಯಿ ಮಾಡ್ಯಾಳ. ನಮ್ಮವರು ಕುರಿ ಸಾಕತಾರ. ನಾ ಸುಳ್ಳ ಹೇಳಿದೆ. ಈ ಹುಡುಗಿ ಖರೇ ಹೇಳಿದ್ಲು, ನಾ ಅಕಿನ್ನ ಸುಳ್ಳಿ ಅಂದೆ. ಕಳ್ಳಿ ಅಂದಾಗ ಸುಮ್ನ ನಿಂತೆ."

ಶಾಮಿಯಾನದ ಬಟ್ಟೆ ಗಾಳಿಗೆ ಬಡಿಯಿತು. ಸತೀಶಕುಮಾರ ಜಾಣ. ವೇದಿಕೆಯ ತುದಿಯಿಂದಲೇ ನಗುತ್ತ ಎರಡನೆಯ ಮೈಕು ಎತ್ತಿದ. "ನೋಡ್ರಿ, ಇದೇ ನಮ್ಮ ಸಾಲಿ ವಿಶೇಷ! ನಮ್ಮ ಮಣ್ಣಿನ ಕಲೆ, ಅದರಾಗ ಫಾರಿನ್ ಭಾಷಾ! ಸಾಕ್ಷಿ ಮಿಸ್ ಅವರ ತಾಯಿಗೆ ಒಂದು ಜೋರಾದ ಚಪ್ಪಾಳೆ!"

ಜನ ಚಪ್ಪಾಳೆ ತಟ್ಟಿದರು. ಖುಷಿಯಿಂದಲೇ ತಟ್ಟಿದರು. ಸಾಕ್ಷಿಗೆ ಒಂದು ಕ್ಷಣ, ಒಂದೇ ಕ್ಷಣ, ಆ ಚಪ್ಪಾಳೆ ಹಿತವೆನಿಸಿತು. ಇಷ್ಟಕ್ಕೇ ಮುಗಿಸಬಹುದಿತ್ತು. ನೌಕರಿಯೂ ಉಳಿಯುತ್ತಿತ್ತು, ಅವ್ವನಿಗೊಂದು ಶಾಲು ಸಿಗುತ್ತಿತ್ತು. ಹಾಗೆ ಅನಿಸಿದ್ದಕ್ಕೆ ಅವಳ ಮೈಯೆಲ್ಲ ನಾಚಿಕೆಯಿಂದ ಬಿಸಿಯಾಯಿತು. ಹಿಂದೆ ಗೌಹರ ಒಬ್ಬಳೇ ಕೈ ಕಟ್ಟಿಕೊಂಡು ನಿಂತಿದ್ದಳು.

"ಚಪ್ಪಾಳಿ ಹೊಡೀಬ್ಯಾಡ್ರಿ!" ಎಂದು ಸಾಕ್ಷಿ ಕೂಗಿದಳು. "ಒಂದು ಕೂಸಿಗಿ ಕಳ್ಳಿ ಅಂದಾರ ಇಲ್ಲಿ. ಖರೇ ಏನು ಅಂತ ಗೊತ್ತಿದ್ದೇ ಅಂದಾರ. ಜಯಮಾಲಾ ಮೇಡಂಗ ಗೊತ್ತಿತ್ತು. ಕನ್ನಡ ಮಾತಾಡಿದ್ಲು ಅಂತ ಅಕಿ ಕೊಳ್ಳಾಗ..."

ಮೈಕು ಸತ್ತಿತು. ಅವಳು ಮಾತು ಮುಂದುವರಿಸಿದಳು. ಮುಂದಿನ ಎರಡು ಸಾಲಿನವರಿಗೆ ಕೇಳಿಸಿರಬಹುದು. ಅಷ್ಟರಲ್ಲಿ ಸ್ಪೀಕರಿನಲ್ಲಿ ಡ್ಯಾನ್ಸಿನ ಹಾಡು ಶುರುವಾಗಿ ದೊಡ್ಡ ಮಕ್ಕಳು ವೇದಿಕೆಗೆ ನುಗ್ಗಿದರು. ಮೆಟ್ಟಿಲ ಬಳಿ ಸತೀಶಕುಮಾರ ಹಲ್ಲು ಕಚ್ಚಿ, "ನಾಳಿಂದ ಬರಬ್ಯಾಡ," ಎಂದ. ಇಲ್ಲಿಯವರೆಗೆ ಅವನು ಅವಳನ್ನು ಏಕವಚನದಲ್ಲಿ ಕರೆದಿರಲಿಲ್ಲ. ಜಯಮಾಲಾ ಮೇಡಂ ಸೋಫಾದಲ್ಲಿ ಕೂತು ಡ್ಯಾನ್ಸು ನೋಡುತ್ತಿದ್ದರು.

ಗೇಟಿನ ಹೊರಗೆ ಗೌಹರ ಮಗಳ ಕೈ ಹಿಡಿದು ಹೋಗುತ್ತಿದ್ದಳು. ಸಾಕ್ಷಿಯನ್ನು ನೋಡಿ ನಿಂತಳು. ಕೃತಜ್ಞತೆಯೇನೂ ಆ ಮುಖದಲ್ಲಿರಲಿಲ್ಲ. ಇರಬೇಕಾಗಿಯೂ ಇರಲಿಲ್ಲ.

ಸಾಕ್ಷಿ ಧೂಳಿನಲ್ಲೇ ಕುಕ್ಕರಗಾಲಲ್ಲಿ ಕೂತಳು, ಹುಡುಗಿಯ ಎತ್ತರಕ್ಕೆ. ಹೆದ್ದಾರಿಯಲ್ಲಿ ಕಾರ್ಖಾನೆಯ ಟ್ಯಾಂಕರು ಹಾಯ್ದುಹೋಯಿತು. ಸದ್ದು ಅಡಗುವ ತನಕ ಇಬ್ಬರೂ ಕಾದರು.

"ಅಂದ್ರ ನಾ ಚೋರಿ ಮಾಡಿಲ್ಲೇನು ಮಿಸ್?" ಎಂದು ಅತಿಯಾ ಕೇಳಿದಳು.

"ಇಲ್ಲ."

"ಪಕ್ಕಾ?"

"ಪಕ್ಕಾ. ನೀ ಎಂದೂ ಮಾಡಿಲ್ಲ. ಸುಳ್ಳ ಹೇಳಿದಕಿ ನಾನು."

ಅತಿಯಾ ಯೋಚಿಸಿದಳು. "ನೀವ್ಯಾಕ ಹೇಳಿದ್ರಿ?"

ಗೌಹರ ಕೈ ಜಗ್ಗಲಿಲ್ಲ. ಅವಳಿಗೂ ಉತ್ತರ ಬೇಕಿತ್ತು.

"ನಮ್ಮವ್ವ ಕುರಿ ಕಾಯ್ತಾಳ ಅಂತ ಇಲ್ಲಿ ಯಾರಿಗೂ ಗೊತ್ತಾಗಬಾರದಿತ್ತು," ಎಂದಳು ಸಾಕ್ಷಿ.

"ನಮ್ಮ ಅಬ್ಬಾನೂ ಕುರಿ ಮಾರತಾರ," ಎಂದಳು ಅತಿಯಾ.

ಅದನ್ನು ಅವಳು ಎದುರುತ್ತರವಾಗಿ ಅಂದದ್ದಲ್ಲ. ಮಕ್ಕಳು 'ನನ್ನ ಬಲ್ಲಿನೂ ಒಂದು ಅದ' ಅನ್ನುತ್ತಾರಲ್ಲ, ಹಾಗೆ. ಸಾಕ್ಷಿಗೆ ಮುಖ ಎತ್ತಲಾಗಲಿಲ್ಲ. ಎದುರಿಗೆ ಎರಡು ಸಣ್ಣ ಬೂಟುಗಳಿದ್ದವು, ಒಂದರ ಲೇಸು ಬಿಚ್ಚಿ ಧೂಳಿನಲ್ಲಿ ಬಿದ್ದಿತ್ತು. ಕಟ್ಟಲು ಕೈ ಚಾಚಿದಳು.

ಅತಿಯಾ ಕಾಲು ಹಿಂದಕ್ಕೆ ತೆಗೆದುಕೊಂಡಳು. "ನಕ್ಕೋ. ನನಗ ಬರತದ," ಎಂದು ತಾಯಿಯ ಕೈ ಬಿಡಿಸಿಕೊಂಡು ಅಲ್ಲೇ ನೆಲಕ್ಕೆ ಕೂತು, ನಾಲಿಗೆ ಹೊರಹಾಕಿ, ತಾನೇ ಕಟ್ಟತೊಡಗಿದಳು. ಗಂಟು ಒಮ್ಮೆ ಜಾರಿತು. ಇಬ್ಬರು ದೊಡ್ಡವರೂ ಕಾದರು.